ಚಂದ್ರನ ಲೆಕ್ಕಕ್ಕೆ ವೋಚರ್ ಎಲ್ಲಿ? (ಬಿಕಾಂ ಕಣ್ಣಲ್ಲಿ ಆಕಾಶ – 6)

ಮೊದ್ಲು ಈ ಅಂಕಿ ನೋಡಿ: 2,104.06 ಕೋಟಿ ರೂಪಾಯಿ. ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಮೊತ್ತ. ಕೆಲಸ ಏನು? ಮನುಷ್ಯರಿಲ್ಲದೆ ಚಂದ್ರನ ಮೇಲೆ ಇಳಿದು, ಮಣ್ಣು ತೆಗೆದು, ವಾಪಸ್ ಭೂಮಿಗೆ ತರೋದು.

"ಮಣ್ಣಿಗೆ ಅಷ್ಟು ದುಡ್ಡಾ?" ಅಂತ ನಮ್ಮ ಚಿಕ್ಕಪ್ಪ ಕೇಳಿದ್ರು. ನೀವೂ ಕೇಳ್ತೀರ. ನನ್ನ ಈ ವರ್ಷದ ಸ್ಕಾಲರ್‌ಶಿಪ್ ಇನ್ನೂ ಖಾತೆಗೆ ಬಿದ್ದಿಲ್ಲ. ಹಾಗಾಗಿ ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದು ನನಗೂ ತಮಾಷೆಯ ವಿಷಯ ಅಲ್ಲ.

ಕೆಲವರು ಸುಲಭದ ಉತ್ತರ ಕೊಡ್ತಾರೆ: 140 ಕೋಟಿ ಜನಕ್ಕೆ ಹಂಚಿದ್ರೆ ತಲೆಗೆ 15 ರೂಪಾಯಿ, ಒಂದು ಟೀ ಕಾಸು. ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ. 140 ಕೋಟಿಯಿಂದ ಭಾಗಿಸಿದ್ರೆ ಯಾವ ಖರ್ಚಾದ್ರೂ ಅಗ್ಗಾನೇ. ಕೇಳಬೇಕಾದ್ದು ಬೇರೆ: ಮಣ್ಣು ಹೇಳೋದನ್ನ ಇನ್ನೇನಾದ್ರೂ ಹೇಳುತ್ತಾ?

ಹೇಳಲ್ಲ. ಆಡಿಟಿಂಗ್ ಓದಿದವರಿಗೆ ಕಾರಣ ಬೇಗ ಹೊಳೆಯುತ್ತೆ. ಚಂದ್ರನ ಯಾವ ಜಾಗ ಎಷ್ಟು ಹಳೇದು ಅಂತ ತಿಳಿಯೋಕೆ ವಿಜ್ಞಾನಿಗಳು ಫೋಟೋದಲ್ಲಿ ಕುಳಿಗಳನ್ನ ಎಣಿಸ್ತಾರೆ. ಕುಳಿ ಜಾಸ್ತಿ ಇದ್ರೆ ನೆಲ ಹಳೇದು. ಆದ್ರೆ ಬರೀ ಎಣಿಕೆಯಿಂದ ಯಾವುದು ಮುಂಚೆ, ಯಾವುದು ಆಮೇಲೆ ಅಂತ ಮಾತ್ರ ಗೊತ್ತಾಗುತ್ತೆ. ಎಷ್ಟು ವರ್ಷ ಅಂತ ತಿಳೀಬೇಕಾದ್ರೆ ಅಲ್ಲಿನ ಕಲ್ಲು ಲ್ಯಾಬಿಗೆ ಬರಬೇಕು. ಫೋಟೋ ಅನ್ನೋದು ಲೆಡ್ಜರ್ ಎಂಟ್ರಿ, ಮಣ್ಣು ಅನ್ನೋದು ವೋಚರ್. ವೋಚರ್ ಇಲ್ಲದ ಎಂಟ್ರಿಯನ್ನ ಯಾವ ಆಡಿಟರ್ ನಂಬ್ತಾರೆ ಹೇಳಿ?

ರೋಬೋಟ್ ತಂದ ಮೊದಲ ವೋಚರ್ ಸೋವಿಯತ್ ಒಕ್ಕೂಟದ ಲೂನಾ-16ರದ್ದು. 1970ರ ಸೆಪ್ಟೆಂಬರ್ 20ಕ್ಕೆ ಇಳೀತು, ಸುಮಾರು 35 ಸೆಂ.ಮೀ. ಆಳ ಕೊರೀತು, 24ಕ್ಕೆ ಮಣ್ಣಿನ ಸಮೇತ ಕಜಕಸ್ತಾನಕ್ಕೆ ವಾಪಸ್ ಬಂತು. ತಂದಿದ್ದು 101 ಗ್ರಾಂ. ಕೈಯಲ್ಲಿ ಒಂದು ಹಿಡಿ, ಅಷ್ಟೇ. ಆಮೇಲೆ 1972ರಲ್ಲಿ ಲೂನಾ-20, 1976ರಲ್ಲಿ ಲೂನಾ-24. ಅಲ್ಲಿಂದ 44 ವರ್ಷ ಯಾರೂ ತರಲಿಲ್ಲ.

2020ರ ಡಿಸೆಂಬರ್‌ನಲ್ಲಿ ಚೀನಾದ ಚಾಂಗ್‌ಇ-5 ತಂದಿದ್ದು 1,731 ಗ್ರಾಂ. ಅದರಲ್ಲಿದ್ದ ಲಾವಾ ಕಲ್ಲಿನ ವಯಸ್ಸು ಸುಮಾರು 200 ಕೋಟಿ ವರ್ಷ. ಅಪೊಲೊ ಮತ್ತು ಲೂನಾ ತಂದ ಲಾವಾ ಕಲ್ಲುಗಳೆಲ್ಲ 300 ಕೋಟಿಗಿಂತ ಹಳೇವು. ಅಂದ್ರೆ ಚಂದ್ರನ ಜ್ವಾಲಾಮುಖಿಗಳು ಆ ಕಲ್ಲುಗಳ ಕಾಲಕ್ಕೇ ತಣ್ಣಗಾಗಿರಲಿಲ್ಲ, ಇನ್ನೂ 100 ಕೋಟಿ ವರ್ಷ ಆದ್ಮೇಲೂ ಲಾವಾ ಹರೀತಿತ್ತು. ಇದೇ ಕುಳಿ ಲೆಕ್ಕವನ್ನ ಮಂಗಳಕ್ಕೂ ಬುಧಕ್ಕೂ ಬಳಸ್ತಾರೆ. ಚಂದ್ರನ ಒಂದು ವೋಚರ್ ಸಿಕ್ರೆ ಆ ಗ್ರಹಗಳ ಪುಸ್ತಕಾನೂ ತಿದ್ದಬಹುದು. 2024ರ ಜೂನ್‌ನಲ್ಲಿ ಚಾಂಗ್‌ಇ-6 ಚಂದ್ರನ ಆಚೆ ಮಗ್ಗುಲಿಂದಲೂ 1,935.3 ಗ್ರಾಂ ತಂತು. ಆ ಕಡೆಯಿಂದ ಅದೇ ಮೊದಲು.

ನಾವು ಎಲ್ಲಿದ್ದೀವಿ? ಮಣ್ಣು ತರೋಕೆ ಚಂದ್ರನಿಂದ ಮೇಲೇಳಬೇಕು, ಬಾಹ್ಯಾಕಾಶದಲ್ಲಿ ಎರಡು ನೌಕೆ ಜೋಡಿಸಬೇಕು. 2023ರ ಸೆಪ್ಟೆಂಬರ್ 3ಕ್ಕೆ ನಮ್ಮ ವಿಕ್ರಮ್ ಸುಮಾರು 40 ಸೆಂ.ಮೀ. ಜಿಗಿದಿದ್ದು ನೆನಪಿದ್ಯಾ? ಮೇಲೇಳೋದಕ್ಕೆ ಅದು ಪುಟ್ಟ ತಾಲೀಮು. ಜೋಡಿಸೋದನ್ನ 2025ರ ಜನವರಿ 16ಕ್ಕೆ ಸ್ಪೇಡೆಕ್ಸ್ ಮಾಡಿ ತೋರಿಸ್ತು, ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದ ನಿಯಂತ್ರಣದಲ್ಲಿ.

ಸ್ಕಾಲರ್‌ಶಿಪ್ ಯಾಕೆ ತಡ ಅಂತ ಗಟ್ಟಿಯಾಗಿ ಕೇಳಿ, ನಾನೂ ಕೇಳ್ತೀನಿ. ಚಂದ್ರನ ಮಣ್ಣಿಂದ ಏನು ಸಿಕ್ತು ಅಂತಾನೂ ಕೇಳಿ. ಆದ್ರೆ ಮಣ್ಣು ಬಂದಾಗ ಅದನ್ನ ತಕ್ಕಡಿಯಲ್ಲಿ ತೂಗಬೇಡಿ. ವೋಚರನ್ನ ಯಾರೂ ಕಾಗದದ ತೂಕಕ್ಕೆ ಅಳೆಯಲ್ಲ, ಅಲ್ವಾ?

#ಬಿಕಾಂಕಣ್ಣಲ್ಲಿಆಕಾಶ