ಸೋಮಣ್ಣ ಇದಾರೆ, ಆದ್ರೆ ಸಿಗ್ತಿಲ್ಲ!

"ಸಾರ್, ಸೋಮಣ್ಣ ನನ್ನ ಎದುರಿಗೇ ಕೂತಿದಾರೆ. ನಿಮ್ಮ ಕಂಪ್ಯೂಟರ್ ನೋಡಿದ್ರೆ ಅಂಥವರೇ ಇಲ್ಲ ಅಂತಿದೆ!"

ಫೋನ್ ಮಾಡಿದ್ದು ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಅವರ ಸದಸ್ಯರ ಪಟ್ಟಿ ಜ್ಯಾಂಗೊದಲ್ಲಿ ಮಾಡಿದ ತಾಣಕ್ಕೆ ಬಂದು ಒಂದು ತಿಂಗಳಾಗಿತ್ತಷ್ಟೆ. ಹಿಂದೆ ಇರೋದು ಪೋಸ್ಟ್‌ಗ್ರೆಸ್. ಹುಡುಕಿದಾಗ ಹೆಸರು ಬರದಿದ್ರೆ ಸಾಲದ ಅರ್ಜಿ ಮುಂದೆ ಹೋಗಲ್ಲ. ಎಷ್ಟೋ ವರ್ಷದಿಂದ ಷೇರು ಇಟ್ಟುಕೊಂಡವರಿಗೆ "ನೀವು ಸದಸ್ಯರೇ ಅಲ್ಲ" ಅಂದ್ರೆ ಹೇಗಾಗಬೇಡ ಹೇಳಿ....

ಕ್ವೆರಿಸೆಟ್‌ನ 'ಕ್ವೆರಿ'ಯನ್ನು ಪ್ರಿಂಟ್ ಮಾಡಿದ್ರೆ ಜ್ಯಾಂಗೊ ಎಂಥ ಎಸ್‌ಕ್ಯೂಎಲ್ ಕಳಿಸುತ್ತೆ ಅಂತ ಗೊತ್ತಾಗುತ್ತೆ. ನೋಡಿದೆ, ಸರಿಯಾಗೇ ಇತ್ತು. ಎರರ್ ಏನಾದ್ರೂ ಬಂದಿದ್ರೆ ಪುಣ್ಯ, ಅದನ್ನ ಹಿಡಿದು ಹೋಗಬಹುದು. ಇಲ್ಲಿ ಬಂದದ್ದು ಖಾಲಿ ಪಟ್ಟಿ. ಅಡ್ಮಿನ್ ಪುಟದಲ್ಲಿ ಸೋಮಣ್ಣ ಮಾತ್ರ ಕಣ್ಣಿಗೆ ಹೊಡೆಯೋ ಹಾಗೆ ಕೂತಿದ್ರು!

ಸಿಗದವರ ಹೆಸರೆಲ್ಲ ಕಳಿಸಿ ಅಂತ ಕಾರ್ಯದರ್ಶಿಗಳಿಗೆ ಕೇಳಿದೆ. ಸೋಮಣ್ಣ, ರೇಣುಕಮ್ಮ, ಲೀಲಾವತಿ, ಕೊಟ್ರಪ್ಪ, ಮೈಲಾರಪ್ಪ. ಬಸಮ್ಮ, ಕಾಳಪ್ಪ, ಗೌರಮ್ಮನಿಗೆ ಏನೂ ತೊಂದರೆ ಇಲ್ಲ. ಈ ಪಟ್ಟಿಯನ್ನ ಕಾಗುಣಿತ ಓದಿದ ಹಾಗೆ ಓದಿದಾಗ ಗುಟ್ಟು ಬಿಟ್ಟುಕೊಟ್ಟಿತು. ಸಿಗದ ಹೆಸರಲ್ಲೆಲ್ಲ ಈ, ಏ, ಐ, ಒ, ಓ ಕಾರಗಳಲ್ಲಿ ಯಾವುದಾದ್ರೂ ಒಂದಿದೆ!

ಪೈಥಾನಿನಲ್ಲಿ ಹೆಸರಿನ ಉದ್ದ ಅಳೆದೆ. ನಾನು ಟೈಪ್ ಮಾಡಿದ 'ಸೋಮಣ್ಣ' 6, ಡೇಟಾಬೇಸಿನ ಸೋಮಣ್ಣ 8. ನಾನು ಕುಟ್ಟಿದ 'ಸೋ'ದಲ್ಲಿ ಸ ಮತ್ತು ಒಂದೇ ಒಂದು ಓತ್ವದ ಚಿಹ್ನೆ. ಅಲ್ಲಿರೋದು ಸ, ಆಮೇಲೆ ಎತ್ವ, ಆಮೇಲೆ ಕೊಂಬಿನ ಇಳಿ, ಆಮೇಲೆ ದೀರ್ಘ. ಹಳೇ ನುಡಿ ಫಾಂಟಿನಲ್ಲಿ ಅಕ್ಷರ ಕೂಡ್ತಿದ್ದದ್ದೇ ಹೀಗೆ, ಬಿಡಿ ಬಿಡಿಯಾಗಿ. ಯುನಿಕೋಡಿಗೆ ಬದಲಾಯಿಸಿದ ಪುಣ್ಯಾತ್ಮರು ಒಂದೊಂದು ತುಂಡಿಗೆ ಒಂದೊಂದು ಚಿಹ್ನೆ ಇಟ್ಟು ಕೈತೊಳೆದುಕೊಂಡಿದ್ರು. ಎರಡೂ ರೂಪ ಒಂದೇ ಅಂತ ಯುನಿಕೋಡ್ ಹೇಳುತ್ತೆ, ಪರದೆ ಮೇಲೂ ಒಂದೇ ಥರ ಕಾಣುತ್ತೆ. ಆದ್ರೆ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ 'ಸಮ' ಅನ್ನೋದು ಬೈಟುಗಳು ಹೊಂದಿದ್ರೆ ಮಾತ್ರ. ಔತ್ವಕ್ಕೆ ಇಂಥ ಬಿಡಿಸಿದ ರೂಪ ಯುನಿಕೋಡಿನಲ್ಲೇ ಇಲ್ಲ, ಗೌರಮ್ಮ ಬಚಾವ್ :-)

ಮದ್ದು ಚಿಕ್ಕದು. ಪೈಥಾನಿನ 'ಯುನಿಕೋಡ್‌ಡೇಟಾ'ದಲ್ಲಿ 'ನಾರ್ಮಲೈಸ್' ಇದೆ, ಅದಕ್ಕೆ ಎನ್‌ಎಫ್‌ಸಿ ಅಂತ ಕೊಟ್ಟರೆ ತುಂಡುಗಳೆಲ್ಲ ಕೂಡಿಕೊಳ್ಳುತ್ತವೆ. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದೀಚೆಗೆ ಡೇಟಾಬೇಸಿನಲ್ಲೇ ಮಾಡಬಹುದು. ಹಳೇ ದಾಖಲೆಗಳಿಗೂ ಮಾಡಬೇಕು, ಹುಡುಕೋ ಪೆಟ್ಟಿಗೆಗೆ ಬರೋ ಪದಕ್ಕೂ ಮಾಡಬೇಕು. ಬರೀ 'ಸೇವ್' ಒಳಗೆ ಬರೆದು ಸುಮ್ಮನಾಗಬೇಡಿ, 'ಬಲ್ಕ್ ಕ್ರಿಯೇಟ್' ಮತ್ತು ಕ್ವೆರಿಸೆಟ್ಟಿನ 'ಅಪ್‌ಡೇಟ್' ಆ ದಾರಿಗೇ ಬರಲ್ಲ.

ನಿಜವಾದ ತಲೆನೋವು ಶುರುವಾದದ್ದು ಇಲ್ಲಿಂದ. ಆ ಒಂದು ತಿಂಗಳಲ್ಲಿ ಹೆಸರು ಸಿಗದವರನ್ನ ಗುಮಾಸ್ತರು ಪಾಪ ಹೊಸದಾಗಿ ಸೇರಿಸಿಬಿಟ್ಟಿದ್ರು. ಈಗ ಅಕ್ಷರ ಸರಿ ಮಾಡಿದ್ರೆ ಇಬ್ಬಿಬ್ಬರು ರೇಣುಕಮ್ಮ, ಇಬ್ಬಿಬ್ಬರು ಸೋಮಣ್ಣ. ಷೇರು ಒಂದರಲ್ಲಿ, ಹೊಸ ಸಾಲ ಇನ್ನೊಂದರಲ್ಲಿ. ಸ್ಕ್ರಿಪ್ಟ್ ಬರೆದು ಒಂದು ಮಾಡಿಬಿಡು ಅಂದ್ರು ಆಫೀಸಿನಲ್ಲಿ. ನಾನು ಒಪ್ಪಲಿಲ್ಲ. ಒಂದೇ ಊರಲ್ಲಿ ನಿಜವಾಗಿಯೂ ಇಬ್ಬರು ಸೋಮಣ್ಣ ಇರಬಾರದು ಅಂತೇನಿಲ್ವಲ್ಲ! ಪಟ್ಟಿ ಪ್ರಿಂಟ್ ಹಾಕಿ ಸಂಘಕ್ಕೆ ಕಳಿಸಿದ್ವಿ. ತಂದೆ ಹೆಸರು, ಷೇರು ಪುಸ್ತಕ ನೋಡಿ ಅವರೇ ಟಿಕ್ ಹಾಕಿ ಕೊಟ್ಟರು.

ಒಂದು ಮಾತ್ರ ಎನ್‌ಎಫ್‌ಸಿಗೂ ಬಗ್ಗಲಿಲ್ಲ. 'ರಾಜ್‌ಕುಮಾರ್' ಅಂತ ಬರೆಯುವಾಗ 'ಜ್' ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತೆ, ಕ ಒತ್ತಾಗದ ಹಾಗೆ ತಡೆಯೋದು ಅದು. ಕೆಲವರು ಅದನ್ನ ಹಾಕ್ತಾರೆ, ಕೆಲವರು ಹಾಕಲ್ಲ. ಕಿತ್ತು ಹಾಕಿದ್ರೆ ಅವರ ಹೆಸರು ಅವರು ಬರೆದ ಹಾಗೆ ಕಾಣಲ್ಲ. ಹಾಗಾಗಿ ಹೆಸರನ್ನ ಹಾಗೇ ಬಿಟ್ಟು, ಹುಡುಕೋಕೆ ಅಂತಲೇ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅಲ್ಲಿಂದ ಮಾತ್ರ ಆ ಚಿಹ್ನೆ ತೆಗೆದೆ.