ಚಳಿಯ ಮೇಲೇಕೆ ತಪ್ಪು ಹೊರಿಸುತ್ತೀರಿ?

ಧನುರ್ಮಾಸ ಬಂತೆಂದರೆ ನಮ್ಮ ಶ್ರೀರಂಗಪಟ್ಟಣದಲ್ಲಿ ನಸುಕಿಗೇ ಬೀದಿಗಳು ಎಚ್ಚರವಾಗುತ್ತವೆ. ರಂಗನಾಥಸ್ವಾಮಿ ಗುಡಿಗೆ ಹೊರಟವರ ಮಾತಿನ ನಡುವೆ ಇನ್ನೊಂದು ಸದ್ದೂ ಕೇಳುತ್ತದೆ. ಯಾರದೋ ಮನೆ ಮುಂದಿನ ಕಾರು ‘ಕುರ್... ಕುರ್...’ ಎಂದು ನರಳಿ ಸುಮ್ಮನಾಗುವ ಸದ್ದು. “ಚಳಿ ಕಣ್ರೀ, ಗಾಡಿ ಹಿಡ್ಕೊಂಡ್‌ಬಿಟ್ಟಿದೆ” ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಮಾಗಿಯ ಚಳಿ ಎಂದರೆ ಸುಮಾರು 15 ಡಿಗ್ರಿ. ನೀರು ಹೆಪ್ಪುಗಟ್ಟುವ ಲಡಾಖಿನಲ್ಲೂ ಕಾರುಗಳು ಓಡುತ್ತವೆ.

“ತಾತ, ಕಾರಿಗೂ ಚಳಿ ಆಗುತ್ತಾ?” ಎಂದು ಮೊಮ್ಮಗ ಕೇಳಿದಾಗ ಅವನಿಗೆ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿ ತೋರಿಸಿದೆ. ಬೇಸಿಗೆಯಲ್ಲಿ ನೀರಿನಂತಿದ್ದದ್ದು ಈಗ ಬೆಣ್ಣೆಯಂತಾಗಿರುತ್ತದೆ. ಎಂಜಿನ್ ಆಯಿಲ್ ಅಷ್ಟು ಗಟ್ಟಿಯಾಗುವುದಿಲ್ಲ, ಆದರೆ ಮಂದವಾಗುತ್ತದೆ. ಅದರೊಳಗೆ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ತಂಪಿಗೆ ನಿಧಾನವಾಗಿ, ಅದು ಕೊಡುವ ಬಲವೇ ಕಡಿಮೆಯಾಗಿರುತ್ತದೆ. ಪೆಟ್ರೋಲ್ ಕೂಡ ಆವಿಯಾದರೆ ತಾನೇ ಹೊತ್ತಿಕೊಳ್ಳುವುದು? ಚಳಿಯಲ್ಲಿ ಅದು ಆವಿಯಾಗುವುದು ತಡ. ಹಳೆಯ ಮಾರುತಿ 800ರಲ್ಲಿ ಇದಕ್ಕೆಂದೇ ಚೋಕ್ ಇತ್ತು. ಎಳೆದರೆ ಎಂಜಿನ್‌ಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತಿತ್ತು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದರೂ ಗಟ್ಟಿ ಬ್ಯಾಟರಿಗೆ ನಮ್ಮ ಚಳಿ ಲೆಕ್ಕಕ್ಕಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ಏಪ್ರಿಲ್-ಮೇ ತಿಂಗಳ ಬಿಸಿಲು. ಶಾಖಕ್ಕೆ ಒಳಗಿನ ನೀರು ಆರುತ್ತದೆ, ಸೀಸದ ತಟ್ಟೆಗಳು ಬೇಗ ಸವೆಯುತ್ತವೆ. ಸೆಕೆಗಾಲದಲ್ಲಿ ಎಂಜಿನ್ ಸಲೀಸಾಗಿ ತಿರುಗುವುದರಿಂದ ಆ ಸೋಲು ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಬಯಲಿಗೆ ಬರುತ್ತದೆ, ಪಾಪ, ಚಳಿಗೆ ಕೆಟ್ಟ ಹೆಸರು.

ಇನ್ನೊಂದು ಕಾರಣ ನಮ್ಮಂಥ ವಯಸ್ಸಾದವರ ಮನೆಗಳದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಾದ್ದರಿಂದ ನನಗೆ ಹೀಗೆ ತೋರುತ್ತದೆ: ಸ್ಟಾರ್ಟ್ ಮಾಡುವುದೆಂದರೆ ಬ್ಯಾಟರಿ ಖಾತೆಯಿಂದ ದೊಡ್ಡ ಮೊತ್ತ ತೆಗೆದಂತೆ, ಓಡಿಸುವುದು ಸ್ವಲ್ಪಸ್ವಲ್ಪವೇ ಜಮಾ ಮಾಡಿದಂತೆ. ಕಾರನ್ನು ತಿಂಗಳುಗಟ್ಟಲೆ ಮುಸುಕು ಹಾಕಿ ನಿಲ್ಲಿಸಿ, ಹಬ್ಬಕ್ಕೊಮ್ಮೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಬಂದರೆ ಜಮೆ ಎಲ್ಲಿಂದ ಬರಬೇಕು? ವಾರಕ್ಕೊಮ್ಮೆ ಪಾಂಡವಪುರದವರೆಗಾದರೂ ಹೋಗಿ ಬನ್ನಿ.

ಕೀಲಿ ತಿರುಗಿಸಿದಾಗ ಬರುವ ಸದ್ದನ್ನು ಗಮನವಿಟ್ಟು ಕೇಳಬೇಕು. ಬರೀ ‘ಟಕ್ ಟಕ್’ ಎಂದರೆ ಹೆಚ್ಚಾಗಿ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ ಅಥವಾ ಬಿಳಿ ಪುಡಿ ಕಟ್ಟಿದೆ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಪೆಟ್ರೋಲ್ ಅಥವಾ ಕಿಡಿಯ ಕಡೆ ನೋಡಿ.

ತೊಂಬತ್ತರ ದಶಕದಲ್ಲಿ ನಾಗಮಂಗಲದಲ್ಲಿದ್ದೆ. ಒಂದು ಜನವರಿ ಬೆಳಗಿನ ಜಾವ ನಮ್ಮ ವಠಾರದ ಮಾಲೀಕರ ಸೊಸೆಗೆ ಹೆರಿಗೆ ನೋವು ಶುರುವಾಯಿತು. ಮೊದಲಿನಿಂದ ತೋರಿಸುತ್ತಿದ್ದ ಡಾಕ್ಟರು ಇದ್ದದ್ದು ಮಂಡ್ಯದಲ್ಲಿ, ಸುಮಾರು 40 ಕಿಲೋಮೀಟರ್ ದೂರ. ಮೂರು ವಾರದಿಂದ ನಿಂತಿದ್ದ ಮಾರುತಿ ಜಪ್ಪಯ್ಯ ಅನ್ನಲಿಲ್ಲ. ಮಾಲೀಕರು ಗಾಬರಿಯಿಂದ ಕೀಲಿ ತಿರುಗಿಸುತ್ತಲೇ ಇದ್ದರು. “ನಿಲ್ಲಿಸಿ ಸ್ವಾಮಿ, ಇರೋದನ್ನೂ ಖಾಲಿ ಮಾಡ್ಬೇಡಿ” ಎಂದೆ. ತಳ್ಳಿ ಸ್ಟಾರ್ಟ್ ಮಾಡಬೇಕಾದರೂ ಕಿಡಿ ಹಾರಿಸುವಷ್ಟು ಕರೆಂಟು ಬ್ಯಾಟರಿಯಲ್ಲಿ ಉಳಿದಿರಬೇಕು.

ಅಷ್ಟರಲ್ಲಿ ಡೈರಿಗೆ ಹಾಲು ಹಾಕಲು ಹೊರಟಿದ್ದ ನಾಲ್ಕೈದು ಜನ ಬಂದರು. “ನೀವ್ ಒಳಕ್ ಕೂತ್ಕಳಿ ಸಾ, ನಾವ್ ತಳ್ತೀವಿ” ಎಂದು ಕ್ಯಾನುಗಳನ್ನು ಜಗಲಿಯ ಮೇಲಿಟ್ಟರು. ಮಾಲೀಕರ ಕೈ ನಡುಗುತ್ತಿತ್ತು, ಹಾಗಾಗಿ ನಾನು ಕೂತೆ. ಕೀಲಿ ಆನ್ ಮಾಡಿ, ಚೋಕ್ ಎಳೆದು, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದೆ. ಗಾಡಿ ಓಟ ಹಿಡಿದಾಗ ಕ್ಲಚ್ ತಟ್ಟನೆ ಬಿಟ್ಟೆ. ಎರಡು ಬಾರಿ ಕೆಮ್ಮಿತು. ಮೂರನೆಯದಕ್ಕೆ ಹೊತ್ತಿಕೊಂಡಿತು. ದಾರಿಯುದ್ದಕ್ಕೂ ಎಂಜಿನ್ ಆರಿಸಲಿಲ್ಲ. ಆವತ್ತು ಹುಟ್ಟಿದ ಹುಡುಗಿಗೆ ಈಗ ಶಾಲೆಗೆ ಹೋಗುವ ಮಗನಿದ್ದಾನೆ.

ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರುಗಳನ್ನು ಹೀಗೆ ತಳ್ಳಿ ಪ್ರಯೋಜನವಿಲ್ಲ. ಕೆ.ಆರ್. ಪೇಟೆಯಿಂದ ನನ್ನ ಅಳಿಯ ಅಂಥದ್ದೊಂದರಲ್ಲಿ ಬರುತ್ತಾನೆ. ಅದಕ್ಕೇ ಒಂದು ಜೊತೆ ದಪ್ಪ ಜಂಪರ್ ವೈರು ತಂದಿಟ್ಟಿದ್ದೇನೆ. ಇನ್ನೊಂದು ಕಾರಿನ ಬ್ಯಾಟರಿಯಿಂದ ಬಲ ಎರವಲು ಪಡೆಯಲು ಅದು ಬೇಕು. ಕೆಂಪು ವೈರು ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ವೈರಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಮಾತ್ರ ಸೋತ ಕಾರಿನ ಎಂಜಿನ್ನಿನ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಕಿಡಿ ತಾಗಬಾರದಲ್ಲ! ಮಕ್ಕಳೇ, ಇದು ದೊಡ್ಡವರ ಕೆಲಸ, ನೀವು ಟಾರ್ಚ್ ಹಿಡಿದರೆ ಸಾಕು. ಅಜ್ಜಂದಿರೇ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ.

ವೈರು ನಮ್ಮದೇ ಆದರೂ ಧನುರ್ಮಾಸ ಶುರುವಾದಾಗಿನಿಂದ ನಮ್ಮ ಮನೆಯಲ್ಲಿಲ್ಲ. ಸದ್ಯ ಎದುರುಮನೆಯವರ ಹತ್ತಿರ ಇದೆ.