ನೀಲಿ ಬೆಳಕಿನೊಳಗಿನ ಕೆಂಪು

ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನೇರಳೆ ದೀಪ ಹಾಕಿದ ಕೂಡಲೇ ಹಾಡುಗಾರನ ಬಿಳಿ ಅಂಗಿ ತಾನೇ ದೀಪವಾದಂತೆ ಹೊಳೆಯುತ್ತದಲ್ಲ, ಚಿಕ್ಕಂದಿನಲ್ಲಿ ನನಗೆ ಹಾಡಿಗಿಂತ ಅದೇ ಸೋಜಿಗ. ಅದು ಸೋಪಿನ ಪುಡಿಯ ಕರಾಮತ್ತು. ಕಣ್ಣಿಗೆ ಕಾಣದ ಬೆಳಕನ್ನು ನುಂಗಿ ಕಾಣುವ ಬೆಳಕನ್ನು ಉಗುಳುವ ಪದಾರ್ಥ ಅದರಲ್ಲಿರುತ್ತದೆ. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೈನ್‌ಗೂ ಇದೇ ಗುಣ. ಕ್ವಿನೈನ್ ಮುಂತಾದವನ್ನು ಪರೀಕ್ಷಿಸಿದ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1852ರಲ್ಲಿ ಈ ಗುಣಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು. ನಾವು ಪ್ರತಿದೀಪ್ತಿ ಎನ್ನುತ್ತೇವೆ.

ಆ ಹೊಳಪು ಈಗ ಬೆನ್ನುಹುರಿಯ ಗಡ್ಡೆ ತೆಗೆಯುವ ಆಪರೇಷನ್ ಕೋಣೆಗೂ ಬಂದಿದೆ. ಬೆನ್ನುಹುರಿ ಎಂದರೆ ಎಷ್ಟು ಮಹಾ? ಒಂದೂವರೆ ಅಡಿ ಉದ್ದ, ಕಿರುಬೆರಳಿನಷ್ಟು ದಪ್ಪ. ನಡಿಗೆ, ಸ್ಪರ್ಶ, ಮೂತ್ರದ ಹಿಡಿತ ಎಲ್ಲವೂ ಆ ಎಳೆಯಲ್ಲೇ. ಅದರ ಒಳಗೇ ಗಡ್ಡೆ ಬೆಳೆದರೆ ಮೈಕ್ರೋಸ್ಕೋಪಿನಲ್ಲೂ ಎಷ್ಟೋ ಸಲ ಅಂಚು ತಿಳಿಯದು. ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಕಾಲು ಹೋದೀತು, ಬಿಟ್ಟರೆ ಗಡ್ಡೆ ಮತ್ತೆ ಚಿಗುರೀತು.

ಅದಕ್ಕೇ ಅರಿವಳಿಕೆಗೆ ಸುಮಾರು 3 ಗಂಟೆ ಮುಂಚೆ ರೋಗಿಗೆ ಅಮೈನೋಲೆವುಲಿನಿಕ್ ಆಮ್ಲವನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ, ತೂಕದ ಕಿಲೋಗೆ 20 ಮಿಲಿಗ್ರಾಂನಂತೆ. ನನಗೆ ಬಲು ಇಷ್ಟವಾದ ಸಂಗತಿ ಇಲ್ಲಿದೆ. ಇದು ಹೊರಗಿನ ಬಣ್ಣವಲ್ಲ. ರಕ್ತದ ಕೆಂಪಿಗೆ ಬೇಕಾದ ಹೀಮ್ ಕಟ್ಟಲು ನಮ್ಮ ಮೈಯೇ ದಿನವೂ ತಯಾರಿಸುವ ವಸ್ತು. ಗಿಡಗಳು ಎಲೆಯ ಹಸಿರನ್ನು ಕಟ್ಟುವುದೂ ಇದರಿಂದಲೇ. ಹಿತ್ತಲಿನ ದಾಸವಾಳದ ಎಲೆಗೂ ನಮ್ಮ ನೆತ್ತರಿಗೂ ಒಂದೇ ಬೀಜ! ಕೆಲವು ಗಡ್ಡೆಗಳಲ್ಲಿ ಹೀಮ್ ತಯಾರಿ ಪೂರ್ತಿಯಾಗದೆ ಪ್ರೋಟೋಪಾರ್ಫಿರಿನ್ ಎಂಬ ವಸ್ತು ರಾಶಿ ಬೀಳುತ್ತದೆ. ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಟ್ಟರೆ ಅದು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ.

ಮೊದಲು ಈ ವಿಧಾನ ನೆಲೆಯೂರಿದ್ದು ಮೆದುಳಿನ ಆಪರೇಷನ್‌ನಲ್ಲಿ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಕಂಡ ಉಗ್ರ ಗಡ್ಡೆಯನ್ನು ಪೂರ್ತಿ ತೆಗೆಯಲಾದದ್ದು ಮಾಮೂಲಿ ಬೆಳಕಿನಲ್ಲಿ ನೂರಕ್ಕೆ 36 ಮಂದಿಯಲ್ಲಿ, ಇದರ ನೆರವಿನಿಂದ 65 ಮಂದಿಯಲ್ಲಿ.

ಬೆನ್ನುಹುರಿಯಲ್ಲಿ ಎಪೆಂಡೈಮೋಮಾ ಗಡ್ಡೆಗಳು ಬಹುಪಾಲು ಹೊಳೆಯುತ್ತವೆ. ಗಡ್ಡೆ ತೆಗೆದ ಗುಳಿಯ ಗೋಡೆಯಲ್ಲಿ ಕೆಂಪು ಚುಕ್ಕೆಯೊಂದು ಮಿನುಗಿದರೆ ಕೆಲಸ ಇನ್ನೂ ಬಾಕಿ ಎಂದರ್ಥ. ನಿಧಾನವಾಗಿ ಬೆಳೆಯುವ ಆಸ್ಟ್ರೋಸೈಟೋಮಾಗಳು ಮಾತ್ರ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ರಕ್ತ ಹರಡಿದರೂ ಹೊಳಪು ಮುಚ್ಚಿಹೋಗುತ್ತದೆ. ಹಾಗಾಗಿ ಕಪ್ಪಗಿದೆ ಎಂದಮಾತ್ರಕ್ಕೆ ಗಡ್ಡೆ ಇಲ್ಲವೆನ್ನುವಂತಿಲ್ಲ. ನರಗಳ ಸಂಕೇತಗಳನ್ನು ಅಳೆಯುವ ಯಂತ್ರದ ಮೇಲೂ ಒಂದು ಕಣ್ಣಿರಲೇಬೇಕು.

ಆ ಮದ್ದಿನಿಂದ ಚರ್ಮಕ್ಕೆ ಒಂದೆರಡು ದಿನ ಬಿಸಿಲು ಆಗಿಬರದು. ಪರದೆ ಎಳೆದ ಮಬ್ಬು ಕೋಣೆಯಲ್ಲಿ ರೋಗಿ ಕಣ್ಣು ಬಿಟ್ಟಾಗ ವೈದ್ಯರು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಹೇಳುತ್ತಾರೆ: "ಹೆಬ್ಬೆರಳು ಆಡಿಸಿ, ನೋಡೋಣ."